ಸಮುದ್ರದ ನಡುವೆ ಒಂದು ಹಾಸಿಗೆ

ಕುಂದಾಪುರದಲ್ಲಿ ಐಟಿಐ, ಡಿಪ್ಲೊಮಾ ಓದುವ ಹುಡುಗರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು ಇದು. ಅವತ್ತು ಹೇಳಲು ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಸಮುದ್ರದಲ್ಲಿ ಎಣ್ಣೆ ತೆಗೆಯುತ್ತಾರೆ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ದೊಡ್ಡ ಕಬ್ಬಿಣದ ಗೋಪುರ, ಕೊಳವೆಯ ತುದಿಯಲ್ಲಿ ಹಗಲು ರಾತ್ರಿ ಉರಿಯುವ ಬೆಂಕಿ, ಹೆಲ್ಮೆಟ್ ಹಾಕಿದ ಇಂಜಿನಿಯರು. ಹಾಸಿಗೆ ಯಾರಿಗೂ ನೆನಪಾಗುವುದಿಲ್ಲ. ನಾನು ಹದಿನೇಳು ವರ್ಷ ಆ ಹಾಸಿಗೆಗಳ ಲೆಕ್ಕ ನೋಡಿಕೊಂಡವನು. ಅಲ್ಲಿ ನನ್ನ ಕೆಲಸಕ್ಕೆ ಕ್ಯಾಂಪ್ ಬಾಸ್ ಅಂತ ಹೆಸರು. ಅಡುಗೆ, ರೂಮು, ಬಟ್ಟೆ ಒಗೆಯುವುದು, ಕುಡಿಯುವ ನೀರು, ಕಸ, ಎಲ್ಲವೂ ಕ್ಯಾಂಪ್ ಬಾಸ್ ತಲೆ ಮೇಲೆ. ಎಣ್ಣೆ ತೆಗೆಯುವವರು ಬೇರೆ. ಅವರು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡುವ ಹಾಗೆ ನೋಡಿಕೊಳ್ಳುವವರು ನಾವು.

ಇಷ್ಟು ವರ್ಷದಲ್ಲಿ ನನಗೆ ಮನಸ್ಸಿಗೆ ನಾಟಿದ್ದು ಒಂದು ವಿಷಯ. ಸಮುದ್ರದ ಕೆಲಸದಲ್ಲಿ ನಿಮ್ಮ ಹಾಸಿಗೆ ಎಲ್ಲಿದೆ ಅನ್ನುವುದರ ಮೇಲೆ ನಿಮ್ಮ ಜೀವ ನಿಂತಿರುತ್ತದೆ. ಲೈಫ್ ಜಾಕೆಟ್‌ಗಿಂತ ಮೊದಲು ನೋಡಬೇಕಾದದ್ದು ಅದನ್ನು. ಇವತ್ತು ಅದನ್ನೇ ಬಿಡಿಸಿ ಹೇಳುತ್ತೇನೆ.

ನನಗೆ ಗೊತ್ತಿರುವುದು ಜಾಸ್ತಿ ಬಾಂಬೆ ಹೈ ಕಡೆಯದು. ಈಗ ಮುಂಬೈ ಹೈ ಅಂತ ಬರೆಯುತ್ತಾರೆ, ನಮ್ಮ ಬಾಯಿಗೆ ಇನ್ನೂ ಬಾಂಬೆ ಹೈ. ಮುಂಬೈ ದಡದಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್. ಅಲ್ಲಿ ನೀರು 75 ಮೀಟರ್ ಆಸುಪಾಸು ಆಳ. 1974ರಲ್ಲಿ ಸಾಗರ್ ಸಾಮ್ರಾಟ್ ಅನ್ನುವ ರಿಗ್ ಕೊರೆದಾಗ ಅಲ್ಲಿ ಎಣ್ಣೆ ಸಿಕ್ಕಿತು. 1976ರಿಂದ ಉತ್ಪಾದನೆ ಶುರುವಾಯಿತು. ಆ ಎಣ್ಣೆ ನಮ್ಮ ಮಂಗಳೂರಿನ ಎಣ್ಣೆ ಶುದ್ಧ ಮಾಡುವ ಕಾರ್ಖಾನೆ ಎಂಆರ್‌ಪಿಎಲ್‌ಗೂ ಬಂದದ್ದುಂಟು.

ಇಲ್ಲಿ ಕೂತವರಲ್ಲಿ ಗಂಗೊಳ್ಳಿಯವರು, ಮಲ್ಪೆಯವರು ಇದ್ದೀರಿ. ನಿಮ್ಮ ಮನೆಯವರು ಆಳಸಮುದ್ರದ ಬೋಟಿಗೆ ಹೋದರೆ ಹತ್ತು ದಿನ ಅಲ್ಲೇ, ಅಲ್ವಾ? ಬಲೆ, ಐಸು, ಒಲೆ, ನಿದ್ದೆ, ಎಲ್ಲ ಆ ಬೋಟಿನಲ್ಲೇ. ಎಣ್ಣೆ ತೆಗೆಯಲು ಸಮುದ್ರದಲ್ಲಿ ಕಾಲೂರಿ ನಿಲ್ಲಿಸಿದ ಕಬ್ಬಿಣದ ಕಟ್ಟೆಗೆ ಪ್ಲಾಟ್‌ಫಾರ್ಮ್ ಅನ್ನುತ್ತಾರೆ, ಅದರ ಮೇಲಿನ ಬದುಕೂ ಸುಮಾರಾಗಿ ಹಾಗೇ. ಹದಿನಾಲ್ಕು ದಿನ ಕೆಲಸ, ಹದಿನಾಲ್ಕು ದಿನ ರಜೆ. ಗುತ್ತಿಗೆಯವರಿಗೆ ಅದೂ ಇಲ್ಲ, ಒಂದು ತಿಂಗಳು, ಎರಡು ತಿಂಗಳು ಅಲ್ಲೇ ಉಳಿದದ್ದನ್ನು ನೋಡಿದ್ದೇನೆ. ಆದರೆ ಬೋಟಿನ ಹೊಟ್ಟೆಯಲ್ಲಿ ಇರುವುದು ಮೀನು. ಇಲ್ಲಿ ನೀವು ಮಲಗುವ ಕೋಣೆಯಿಂದ ಸ್ವಲ್ಪ ದೂರದಲ್ಲಿ ಪೈಪುಗಳ ಒಳಗೆ ಇರುವುದು ಭಾರೀ ಒತ್ತಡದ ಗ್ಯಾಸು.

ಹಿಂದೆ ಎಲ್ಲಿ ಮಲಗುತ್ತಿದ್ದರು ಅಂತ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1947ರಲ್ಲಿ ಅಮೆರಿಕದ ಲೂಸಿಯಾನಾ ಕರಾವಳಿಯಲ್ಲಿ, ದಡ ಕಣ್ಣಿಗೆ ಕಾಣದಷ್ಟು ದೂರದಲ್ಲಿ ಒಂದು ಬಾವಿ ಕೊರೆದರು. ಪ್ಲಾಟ್‌ಫಾರ್ಮ್ ತೀರಾ ಸಣ್ಣದು. ಯುದ್ಧ ಮುಗಿದು ಮೂಲೆಗೆ ಬಿದ್ದಿದ್ದ ನೌಕಾಪಡೆಯ ಒಂದು ಬಾರ್ಜನ್ನು, ಅಂದರೆ ಚಪ್ಪಟೆ ತಳದ ಹಡಗನ್ನು, ತಂದು ಪಕ್ಕದಲ್ಲಿ ಕಟ್ಟಿ, ಕೆಲಸದವರನ್ನು ಅದರಲ್ಲಿ ಮಲಗಿಸಿದರು. ಅದಾಗಿ ಎರಡು ವರ್ಷಕ್ಕೆ ಸೋವಿಯತ್ತಿನವರು ಕ್ಯಾಸ್ಪಿಯನ್ ಸಮುದ್ರದಲ್ಲಿ, ಬಾಕು ಪಟ್ಟಣದ ಆಚೆ, ಬೇರೆಯೇ ಕೆಲಸಕ್ಕೆ ಕೈ ಹಾಕಿದರು. ಹಳೆ ಹಡಗುಗಳನ್ನು ಮುಳುಗಿಸಿ ಬುಡ ಮಾಡಿಕೊಂಡು, ಕಂಬಗಳ ಮೇಲೆ ಸೇತುವೆ ರಸ್ತೆ ಎಳೆದು, ಒಂದು ಊರನ್ನೇ ಕಟ್ಟಿದರು. ನೆಫ್ಟ್ ಡಾಶ್ಲಾರಿ ಅಂತ ಹೆಸರು. ಅಲ್ಲಿ ಮಹಡಿ ಮನೆಗಳಿವೆ, ಬೇಕರಿ ಇದೆ, ಪಾರ್ಕು ಕೂಡ ಇದೆ. ಹಾಗೆ ಮುಳುಗಿಸಿದ ಹಡಗುಗಳಲ್ಲಿ ಒಂದು, 1878ರ ಜೊರಾಸ್ಟರ್, ಜಗತ್ತಿನ ಮೊದಮೊದಲ ಎಣ್ಣೆ ಹಡಗು. ಎಣ್ಣೆ ಹೊತ್ತ ಹಡಗೇ ಕೊನೆಗೆ ಎಣ್ಣೆ ಕೆಲಸದವರ ಮನೆಗೆ ಅಡಿಪಾಯ ಆಯಿತು. ಅದನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವ ಆಸೆ ನನಗೆ ಇನ್ನೂ ಇದೆ.

ಈಗ ನಿಮ್ಮನ್ನು ಒಳಗೆ ಕರೆದುಕೊಂಡು ಹೋಗುತ್ತೇನೆ.

ಮೊದಲು ತರಬೇತಿ. ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಹೊರಗೆ ಬರುವುದು ಹೇಗೆ ಅಂತ ಕಲಿಸುತ್ತಾರೆ. ಹೆಲಿಕಾಪ್ಟರಿನ ಹಾಗೇ ಮಾಡಿದ ಒಂದು ಗೂಡಿನಲ್ಲಿ ಕೂರಿಸಿ, ಬೆಲ್ಟ್ ಹಾಕಿಸಿ, ಈಜುಕೊಳಕ್ಕೆ ಇಳಿಸಿ, ತಲೆಕೆಳಗು ಮಾಡುತ್ತಾರೆ. ಬಾಂಬೆ ಹೈ ನಡೆಸುವ ಸರ್ಕಾರಿ ಎಣ್ಣೆ ಕಂಪನಿ ಒಎನ್‌ಜಿಸಿಯ ತರಬೇತಿ ಕೇಂದ್ರ ಗೋವಾದ ಬೇತುಲ್‌ನಲ್ಲಿ ಇದೆ. ನಮ್ಮ ಕಡೆಯ ಹುಡುಗರು ಹುಟ್ಟಿದಾಗಿಂದ ಹೊಳೆಯಲ್ಲಿ ಈಜಿದವರು, ಅವರೂ ಆ ಗೂಡಿನಲ್ಲಿ ಒಂದು ಗಳಿಗೆ ಗಾಬರಿಯಾಗುತ್ತಾರೆ. ಮೂಗಿಗೆ ನೀರು ನುಗ್ಗುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗುವುದಿಲ್ಲ. ಗಾಬರಿ ಅಲ್ಲೇ ಮುಗಿದರೆ ಒಳ್ಳೆಯದು.

ಆಮೇಲೆ ಜುಹು ಹೆಲಿಪೋರ್ಟ್. ನಿಮ್ಮ ಚೀಲವನ್ನೂ ತೂಗುತ್ತಾರೆ, ನಿಮ್ಮನ್ನೂ ತೂಗುತ್ತಾರೆ. ಮುಕ್ಕಾಲು ಗಂಟೆ ಹಾರಿದ ಮೇಲೆ ಕೆಳಗೆ ನೀರಿನ ನಡುವೆ ಕಾಲೂರಿ ನಿಂತ ಕಬ್ಬಿಣದ ಗುಂಪು ಕಾಣುತ್ತದೆ. ಒಂದೊಂದು ಪ್ಲಾಟ್‌ಫಾರ್ಮಿಗೂ ಒಂದೊಂದು ಕೆಲಸ. ಒಂದರಲ್ಲಿ ಬಾವಿಗಳು. ಇನ್ನೊಂದರಲ್ಲಿ ಎಣ್ಣೆ, ಗ್ಯಾಸು, ನೀರು ಬೇರೆ ಮಾಡುವ ಯಂತ್ರಗಳು. ಮತ್ತೊಂದರಲ್ಲಿ ಜನ. ನಡುವೆ ಓಡಾಡಲು ಕಬ್ಬಿಣದ ಸೇತುವೆ. ಜನ ಇರುವ ಕಟ್ಟಡಕ್ಕೆ ಲಿವಿಂಗ್ ಕ್ವಾರ್ಟರ್ಸ್ ಅಂತ ಹೆಸರು, ನಾವು ಎಲ್‌ಕ್ಯೂ ಅನ್ನುತ್ತಿದ್ದೆವು. ನಾಲ್ಕೈದು ಅಂತಸ್ತಿನ ಉಕ್ಕಿನ ಪೆಟ್ಟಿಗೆ, ಅದರ ತಾರಸಿಯೇ ಹೆಲಿಕಾಪ್ಟರ್ ಇಳಿಯುವ ಜಾಗ, ಹೆಲಿಡೆಕ್.

ಇಳಿದ ಕೂಡಲೇ ನಿಮ್ಮ ಹೆಸರು ಪಟ್ಟಿಗೆ ಸೇರುತ್ತದೆ. ಇವತ್ತು ಇಲ್ಲಿ ಎಷ್ಟು ಜನ ಇದ್ದಾರೆ ಅನ್ನುವ ಆ ಸಂಖ್ಯೆಗೆ ಪಿಒಬಿ ಅನ್ನುತ್ತಾರೆ. ಬೆಳಗಾದರೆ ನನ್ನ ಮೊದಲ ಕೆಲಸ ಆ ಸಂಖ್ಯೆ ಕೇಳುವುದು. ಎಷ್ಟು ಅಕ್ಕಿ ನೆನೆಸಬೇಕು ಅನ್ನುವುದೂ ಅದರ ಮೇಲೆ, ಲೈಫ್‌ಬೋಟಿನಲ್ಲಿ ಎಷ್ಟು ಸೀಟು ಬೇಕು ಅನ್ನುವುದೂ ಅದರ ಮೇಲೆ. ನಿಮಗೆ ಒಂದು ಬಂಕ್ ನಂಬರ್, ಅಂದರೆ ಮಲಗುವ ಮಂಚದ ನಂಬರ್ ಕೊಡುತ್ತಾರೆ, ಅದರ ಜೊತೆಗೇ ಒಂದು ಲೈಫ್‌ಬೋಟ್ ನಂಬರ್. ಅಪಾಯದ ಸೈರನ್ ಆದರೆ ಎಲ್ಲಿ ಸೇರಬೇಕು ಅಂತ ಒಂದು ಜಾಗ ಇರುತ್ತದೆ, ಮಸ್ಟರ್ ಪಾಯಿಂಟ್. ಅಲ್ಲಿ ಗೋಡೆಗೆ ಒಂದು ಬೋರ್ಡು, ನಿಮ್ಮ ಹೆಸರಿನ ಕಾರ್ಡು. ಓಡಿ ಬಂದು ಆ ಕಾರ್ಡು ಬದಲಾಯಿಸಬೇಕು. ಬದಲಾಗದ ಕಾರ್ಡು ಯಾರದೋ ಅವರನ್ನು ಹುಡುಕಲು ಹೋಗುತ್ತಾರೆ.

ರೂಮಿನಲ್ಲಿ ಇಬ್ಬರು ಅಥವಾ ನಾಲ್ವರು. ಮೇಲೊಂದು ಕೆಳಗೊಂದು ಬಂಕ್, ಪ್ರತಿ ಬಂಕಿಗೆ ಒಂದು ಪರದೆ, ತಲೆದೆಸೆಗೆ ಸಣ್ಣ ದೀಪ. ಕಿಟಕಿ ಇರುವುದು ಕಡಿಮೆ. ಎಲ್ಲರಿಗೂ ಹನ್ನೆರಡು ಗಂಟೆ ಪಾಳಿ, ಆರರಿಂದ ಆರು. ಹಾಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ ಅರ್ಧ ಜನ ಮಲಗಿರುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ನೀವು ಆ ಕಾರಿಡಾರಿನಲ್ಲಿ ನಡೆದರೆ ಗೊತ್ತಾಗುತ್ತದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಮಂಕು ಬೆಳಕು. ಒಂದೊಂದು ಬಾಗಿಲ ಮುಂದೆ ಜೋಡಿಸಿಟ್ಟ ಚಪ್ಪಲಿ. ಕೆಲಸದ ಬೂಟು ಕೆಳಗಿನ ಚೇಂಜ್ ರೂಮಿನಲ್ಲೇ ಬಿಡಬೇಕು, ಎಣ್ಣೆ ಹತ್ತಿದ ಬಟ್ಟೆ ಮೇಲೆ ತರುವ ಹಾಗಿಲ್ಲ. ರಾತ್ರಿ ಪಾಳಿಯವನ ಬಾಗಿಲಿಗೆ ‘ಮಲಗಿದ್ದಾರೆ’ ಅನ್ನುವ ಚೀಟಿ. ನಮ್ಮ ರೂಮ್ ಬಾಯ್‌ಗಳಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠ ಬಾಗಿಲು ಹಾಕುವುದು. ಹಿಡಿಯನ್ನು ಕೆಳಗೆ ಒತ್ತಿ, ಬಾಗಿಲು ಚೌಕಟ್ಟಿಗೆ ತಾಗಿದ ಮೇಲೆ ಹಿಡಿ ಮೆಲ್ಲಗೆ ಬಿಡಬೇಕು. ಸುಮ್ನೆ ತಳ್ಳಿ ಹೋದರೆ ಉಕ್ಕಿನ ಬಾಗಿಲು ಧಡ್ ಅನ್ನುತ್ತದೆ, ಆರು ರೂಮಿನವರಿಗೆ ಎಚ್ಚರವಾಗುತ್ತದೆ. ಮಲಗುವ ಕೋಣೆಯಲ್ಲಿ ಸದ್ದು 45 ಡೆಸಿಬಲ್ ದಾಟಬಾರದು ಅಂತ ಬ್ರಿಟನ್, ನಾರ್ವೆ ನಡುವಿನ ಉತ್ತರ ಸಮುದ್ರದ ಕಡೆ ಅಳತೆ ಇಟ್ಟಿದ್ದಾರೆ. ನಿದ್ದೆಗೆಟ್ಟವನು ಮಾರನೇ ದಿನ ವಾಲ್ವ್ ತಿರುಗಿಸಲು ಹೋಗುತ್ತಾನೆ. ಅದಕ್ಕೇ ಈ ಪರಿ ಜಾಗ್ರತೆ.

ಇನ್ನೊಂದು ವಿಷಯ ಹೊಸಬರಿಗೆ ಕಾಣುವುದೇ ಇಲ್ಲ. ಎಲ್‌ಕ್ಯೂ ಒಳಗೆ ಹೋಗಲು ಎರಡು ಬಾಗಿಲು ದಾಟಬೇಕು. ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯಬೇಕು. ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಸ್ವಲ್ಪ ಹೆಚ್ಚು ಇಟ್ಟಿರುತ್ತಾರೆ. ಬಾಗಿಲು ತೆಗೆದರೆ ಗಾಳಿ ಒಳಗಿಂದ ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಎಲ್ಲಾದರೂ ಗ್ಯಾಸ್ ಸೋರಿದರೂ ಮಲಗಿದವರ ಹತ್ತಿರ ಸುಳಿಯಬಾರದು ಅಂತ. ಗಾಳಿ ಎಳೆದುಕೊಳ್ಳುವ ಬಾಯಿಯಲ್ಲಿ ಗ್ಯಾಸ್ ಪತ್ತೆ ಹಚ್ಚುವ ಉಪಕರಣ ಇರುತ್ತದೆ. ಅದಕ್ಕೆ ವಾಸನೆ ಬಡಿದರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಸೆಕೆ ಅಂತ ಒಬ್ಬ ಆ ಬಾಗಿಲಿಗೆ ಮರದ ತುಂಡು ಕೊಟ್ಟು ತೆರೆದಿಟ್ಟಿದ್ದ. ನಾನು ಯಾರ ಮೇಲೂ ಸಿಟ್ಟು ಮಾಡುವವನಲ್ಲ, ಅವತ್ತು ಮಾಡಿದೆ.

ಅಡುಗೆಮನೆಗೆ ಬರೋಣ. ನನಗೆ ಅಲ್ಲೇ ಜೀವ. ಪ್ಲಾಟ್‌ಫಾರ್ಮಿನಲ್ಲಿ ಅದಕ್ಕೆ ಗ್ಯಾಲಿ ಅನ್ನುತ್ತಾರೆ. ಅಲ್ಲಿ ಗ್ಯಾಸ್ ಒಲೆ ಇಲ್ಲ. ಪೈಪಿನಲ್ಲಿ ದಡಕ್ಕೆ ಗ್ಯಾಸು ಹೋಗುತ್ತಿರುತ್ತದೆ, ನಮ್ಮ ಚಪಾತಿ ಮಾತ್ರ ಕರೆಂಟಿನ ಕಾವಲಿ ಮೇಲೆ. ತೆರೆದ ಉರಿ ಎಲ್ಲೂ ಇರಬಾರದು. ದಿನಕ್ಕೆ ನಾಲ್ಕು ಊಟ. ನಾಲ್ಕನೆಯದು ನಡುರಾತ್ರಿ ಹನ್ನೆರಡರದು. ಆ ಊಟವನ್ನು ಹೆಚ್ಚಿನ ಕಡೆ ಉಳಿದದ್ದರಲ್ಲೇ ಮುಗಿಸುತ್ತಾರೆ. ನಾನು ಬಿಡುತ್ತಿರಲಿಲ್ಲ. ರಾತ್ರಿ ಪಾಳಿಯವನಿಗೆ ಅದೇ ಮಧ್ಯಾಹ್ನದ ಊಟ ಅಲ್ವಾ? ಬಿಸಿ ಅನ್ನ, ಬಿಸಿ ಸಾರು ಬೇಕು. ಪಂಜಾಬಿನವರಿಗೆ ಪರಾಠ, ಬಂಗಾಳದವರಿಗೆ ಮೀನು, ಗುಜರಾತಿನವರಿಗೆ ಸಿಹಿ ದಾಲ್. ನಮ್ಮ ಕಡೆಯವರು ನಾಲ್ಕು ಜನ ಇದ್ದರೂ ಸಾಕು, ವಾರಕ್ಕೊಮ್ಮೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಬೇರೆಯವರು ಅದೇನು ಅಂತ ಬಂದು ಇಣುಕುತ್ತಿದ್ದರು.

ತರಕಾರಿ, ಮಾಂಸ, ನೀರು ಎಲ್ಲ ಸಪ್ಲೈ ಬೋಟಿನಲ್ಲಿ ಬರುತ್ತದೆ. ಕ್ರೇನ್ ಎತ್ತಿ ಮೇಲೆ ಇಡುತ್ತದೆ. ಮಳೆಗಾಲ ಶುರುವಾದರೆ ಬೋಟು ಹತ್ತಿರ ಬರಲು ಆಗುವುದಿಲ್ಲ, ಬಂದರೂ ಕ್ರೇನ್ ನಡೆಸುವ ಹಾಗಿಲ್ಲ. ಮೇ ಕೊನೆಗೇ ಅಕ್ಕಿ, ಬೇಳೆ, ಹಿಟ್ಟು, ಎಣ್ಣೆ ತುಂಬಿಸಿಕೊಳ್ಳಬೇಕು. ನಮ್ಮ ಅಜ್ಜಿ ಮಳೆಗಾಲಕ್ಕೆ ಹಪ್ಪಳ, ಸಂಡಿಗೆ, ಒಣಮೀನು ಅಟ್ಟದ ಮೇಲೆ ಕಟ್ಟಿಡುತ್ತಿದ್ದರಲ್ಲ, ಲೆಕ್ಕ ಅದೇ. ಸೊಪ್ಪು ಮೂರು ದಿನ, ಟೊಮೆಟೊ ಒಂದು ವಾರ, ಎಲೆಕೋಸು, ಕುಂಬಳಕಾಯಿ ಕೊನೆವರೆಗೆ. ಬೋಟು ತಪ್ಪಿದ ಹತ್ತನೇ ದಿನವೂ ತಟ್ಟೆಯಲ್ಲಿ ಒಂದು ಹಸಿರು ಇರಬೇಕು ಅಂತ ನನ್ನ ಹಟ. ಹೆಸರುಕಾಳು ಮೊಳಕೆ ಕಟ್ಟುತ್ತಿದ್ದೆವು.

ಕುಡಿಯಲು, ಮೀಯಲು, ಒಗೆಯಲು ಎಲ್ಲ ಸೇರಿ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 200 ಲೀಟರ್ ನೀರಿನ ಲೆಕ್ಕ ಹಿಡಿಯುತ್ತಾರೆ. ಬೋಟಿನಲ್ಲಿ ಬಂದದ್ದು ಸ್ವಲ್ಪ, ಸಮುದ್ರದ ನೀರಿನ ಉಪ್ಪು ತೆಗೆದದ್ದು ಸ್ವಲ್ಪ. ಕಸಕ್ಕೂ ಕಾಯಿದೆ ಇದೆ. ಮಾರ್ಪೋಲ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪ್ಲಾಟ್‌ಫಾರ್ಮಿನಿಂದ ಪ್ಲಾಸ್ಟಿಕ್, ಡಬ್ಬ, ಕಾಗದ ಏನೂ ನೀರಿಗೆ ಬೀಳುವ ಹಾಗಿಲ್ಲ. ಊಟದ ಕಸವನ್ನು ಮಾತ್ರ, ಅದೂ ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆ ಇದ್ದರೆ, 25 ಮಿಲಿಮೀಟರ್ ಜರಡಿಯಲ್ಲಿ ದಾಟುವಷ್ಟು ಸಣ್ಣಗೆ ಅರೆದು ಬಿಡಬಹುದು. ಉಳಿದದ್ದು ಚೀಲ ಕಟ್ಟಿ ದಡಕ್ಕೆ ವಾಪಸ್. ನೀವು ಸಮುದ್ರವನ್ನು ನಂಬಿ ಬದುಕುವವರು, ನಿಮಗೆ ಇದರ ಬೆಲೆ ಗೊತ್ತು.

ಬಟ್ಟೆ ಒಗೆಯುವುದು, ಜಿಮ್, ಟಿವಿ ರೂಮು, ಕೇರಂ, ಇವೆಲ್ಲ ಇವೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕುಡಿತ ಪೂರ್ತಿ ನಿಷೇಧ.

ಆದರೆ ಒಂದು ಸಣ್ಣ ರೂಮಿನ ಬಗ್ಗೆ ಹೇಳಲೇಬೇಕು. ಆಸ್ಪತ್ರೆ ರೂಮು. ಒಂದೆರಡು ಮಂಚ, ಆಕ್ಸಿಜನ್, ಒಬ್ಬ ಡಾಕ್ಟರು. ಅವರಿಂದ ಆಗದ್ದು ಏನಾದರೂ ಬಂದರೆ ಹೆಲಿಕಾಪ್ಟರ್ ಬೇಕು. ಹೆಲಿಕಾಪ್ಟರ್ ಬಾರದ ದಿನ ಏನಾಗಬಹುದು ಅಂತ ನಾವು ನೋಡಿದ್ದು 2005ರ ಜುಲೈ 27ರಂದು.

ಹಿಂದಿನ ದಿನ ಮುಂಬೈ ಮುಳುಗಿತ್ತು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಾನು ರಜೆಯ ಮೇಲೆ ಊರಲ್ಲಿದ್ದೆ. ಬಾಂಬೆ ಹೈ ಉತ್ತರ ಭಾಗದ ಹತ್ತಿರ ಸಮುದ್ರ ಸುರಕ್ಷಾ ಅನ್ನುವ ಹಡಗು ಕೆಲಸದಲ್ಲಿತ್ತು. ಅದರ ಅಡುಗೆಮನೆಯಲ್ಲಿ ಒಬ್ಬ ಅಡುಗೆಯವನ ಎರಡು ಬೆರಳಿನ ತುದಿ ತುಂಡಾಯಿತು. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಹಾರುವ ಹಾಗಿಲ್ಲ. ಅವನನ್ನು ಪ್ಲಾಟ್‌ಫಾರ್ಮಿಗೆ ಸೇರಿಸೋಣ ಅಂತ ಹಡಗನ್ನು ಹತ್ತಿರ ತಂದರು. ಗಾಳಿ ಮರೆಯಾದ ಕಡೆಯ ಕ್ರೇನ್ ಕೆಲಸ ಮಾಡುತ್ತಿರಲಿಲ್ಲ, ಗಾಳಿ ಹೊಡೆಯುವ ಕಡೆಯಿಂದಲೇ ಬರಬೇಕಾಯಿತು. ಕ್ರೇನಿನ ಬುಟ್ಟಿಯಲ್ಲಿ ಗಾಯಾಳುವನ್ನು ಮೇಲಕ್ಕೆ ಎತ್ತಿಯೂ ಆಯಿತು. ಹಡಗು ಹಿಂದೆ ಸರಿಯುವಾಗ ಅಲೆ ದೂಡಿತು. ಹಡಗಿನ ಹೆಲಿಡೆಕ್ ಹೋಗಿ ಸಮುದ್ರದ ತಳದಿಂದ ಪ್ಲಾಟ್‌ಫಾರ್ಮಿಗೆ ಏರುವ ಗ್ಯಾಸ್ ಕೊಳವೆಗೆ ಬಡಿಯಿತು. ಬೆಂಕಿ. ಎರಡು ಗಂಟೆಯಲ್ಲಿ ಎಣ್ಣೆ ಗ್ಯಾಸು ಬೇರ್ಪಡಿಸುವ ಆ ದೊಡ್ಡ ಪ್ಲಾಟ್‌ಫಾರ್ಮ್ ಕರಗಿ ನೀರಿಗೆ ಬಿತ್ತು.

ಅವತ್ತು ಅಲ್ಲಿ ಎಲ್ಲ ಸೇರಿ 384 ಜನ. 362 ಜನರನ್ನು ಉಳಿಸಿದರು. 22 ಜನ ಹೋದರು. ನಮ್ಮ ಮನೆಯ ಟಿವಿಯಲ್ಲಿ ಆ ಹೊಗೆ ನೋಡುತ್ತಾ ನಾನು ನನಗೆ ಗೊತ್ತಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಊಟ ಸೇರಲಿಲ್ಲ.

ಅಷ್ಟು ದೊಡ್ಡ ಬೆಂಕಿಯಲ್ಲಿ ಅಷ್ಟು ಜನ ಹೇಗೆ ಉಳಿದರು? ಹಗಲು ಹೊತ್ತು, ಸಂಜೆ ನಾಲ್ಕು ಗಂಟೆ. ನೌಕಾಪಡೆ, ಕೋಸ್ಟ್ ಗಾರ್ಡ್ ಆ ಅಲೆಗಳ ನಡುವೆ ದುಡಿದರು. ಇದರ ಜೊತೆಗೆ ಇನ್ನೊಂದು ಕಾರಣ ಇದೆ ಅಂತ ನಾನು ನಂಬಿದ್ದೇನೆ. ಅಲ್ಲಿ ಜನ ಮಲಗುವ ಪ್ಲಾಟ್‌ಫಾರ್ಮ್ ಬೇರೆ ಕಾಲುಗಳ ಮೇಲೆ ನಿಂತಿತ್ತು. 1978ರಲ್ಲೇ ಹಾಗೆ ಬೇರೆಯಾಗಿ ಕಟ್ಟಿದ್ದರು, ನಡುವೆ ಸೇತುವೆ. ಬಿಸಿಗೆ ಅದಕ್ಕೂ ಜೋರು ಪೆಟ್ಟಾಯಿತು. ಆದರೂ ಬೆಂಕಿಗೂ ಹಾಸಿಗೆಗೂ ನಡುವೆ ಒಂದು ಸೇತುವೆಯಷ್ಟು ದೂರ ಇತ್ತು.

ಆ ಹಡಗಿನಲ್ಲಿ ಇನ್ನೂ ಆರು ಜನ ಇದ್ದರು. ಡೈವರ್‌ಗಳು. ಆಳದಲ್ಲಿ ದಿನಗಟ್ಟಲೆ ಕೆಲಸ ಮಾಡುವ ಡೈವರ್‌ಗಳು ಹಡಗಿನ ಮೇಲೆ ಇದ್ದಾಗಲೂ ಆಳದ ಒತ್ತಡದಲ್ಲೇ ಇರಬೇಕು. ಒಂದು ಉಕ್ಕಿನ ಕೊಳವೆಯಂಥ ಕೋಣೆ, ಅದರಲ್ಲೇ ಮಂಚ, ಅದರಲ್ಲೇ ಸ್ನಾನ. ಹೀಲಿಯಂ ಬೆರೆತ ಗಾಳಿ, ಹಾಗಾಗಿ ಮಾತಾಡಿದರೆ ಚಿಕ್ಕ ಮಕ್ಕಳ ದನಿ. ಊಟ ಒಂದು ಸಣ್ಣ ಗೂಡಿನಿಂದ ಒಳಗೆ ಕಳಿಸಬೇಕು. ನಾನು ಒಂದು ಕಡೆ ಅಂಥವರಿಗೆ ಅಡುಗೆ ಕಳಿಸಿದ್ದೇನೆ. ಅಲ್ಲಿ ನಾಲಗೆಗೆ ರುಚಿ ಹತ್ತುವುದಿಲ್ಲ, ಖಾರ ಹೆಚ್ಚು ಹಾಕಿ ಅಂತ ಚೀಟಿ ಬರುತ್ತಿತ್ತು. ಬಾಗಿಲು ತೆಗೆದು ಹೊರಗೆ ಬಂದುಬಿಡಲು ಆಗುವುದಿಲ್ಲ, ಒತ್ತಡ ಇಳಿಸಲು ದಿನಗಳೇ ಬೇಕು. ಅವತ್ತು ಹಡಗಿಗೆ ಬೆಂಕಿ ಬಿದ್ದು ಉಳಿದವರೆಲ್ಲ ಇಳಿದ ಮೇಲೂ ಆ ಆರು ಜನ ಒಳಗೇ ಉಳಿದರು. 36 ಗಂಟೆ ಕಳೆದ ಮೇಲೆ ಅವರನ್ನು ಜೀವಂತ ಹೊರಗೆ ತಂದರು. ಕೆಲವು ದಿನದಲ್ಲಿ ಆ ಹಡಗು ಮುಳುಗಿತು.

ರಜೆ ಮುಗಿಸಿ ವಾಪಸ್ ಹೋದವನು ನಾನು ಮೊದಲು ಮಾಡಿದ್ದು ಚಾಕು ಎಣಿಸಿದ್ದು. ಮಾಂಸ ಕತ್ತರಿಸುವ ಪ್ರತಿಯೊಬ್ಬನ ಎಡಗೈಗೆ ಉಕ್ಕಿನ ಬಲೆಯ ಗ್ಲೌಸ್ ತರಿಸಿದೆ. ಎರಡು ಬೆರಳಿನ ತುದಿ ಅಂತ ಅನ್ನಿಸಬಹುದು. ತಪ್ಪು ಆ ಅಡುಗೆಯವನದಲ್ಲ. ಅಡುಗೆಮನೆಯಲ್ಲಿ ಕೈ ಕೊಯ್ದುಕೊಳ್ಳುವುದು ಇದ್ದದ್ದೇ. ಕೆಟ್ಟ ಕ್ರೇನು, ಕಾವಲಿಲ್ಲದ ಕೊಳವೆ, ಅಂಥ ಅಲೆಯಲ್ಲಿ ಹಡಗನ್ನು ಹತ್ತಿರ ಕರೆದದ್ದು, ತಪ್ಪು ಅಲ್ಲಿದೆ. 2008ರಲ್ಲಿ ಸಮುದ್ರದ ಎಣ್ಣೆ ಕೆಲಸದ ಸುರಕ್ಷತೆಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ನಿಯಮ ಬಂತು.

ಹಾಸಿಗೆ ಬೆಂಕಿಯ ಪಕ್ಕದಲ್ಲೇ ಇದ್ದರೆ? ಅದಕ್ಕೆ ಸ್ಕಾಟ್ಲೆಂಡ್ ಕಡೆಯ ಪೈಪರ್ ಆಲ್ಫಾ ಅನ್ನುವ ಪ್ಲಾಟ್‌ಫಾರ್ಮಿನ ಕಥೆ ನೋಡಬೇಕು. 1988ರ ಜುಲೈ 6, ರಾತ್ರಿ ಹತ್ತು ಗಂಟೆ. ಒಂದು ಪಂಪಿನ ಸುರಕ್ಷಾ ವಾಲ್ವ್ ದುರಸ್ತಿಗೆ ಬಿಚ್ಚಿದ್ದರು. ಅದು ಗೊತ್ತಿಲ್ಲದೆ ರಾತ್ರಿ ಪಾಳಿಯವರು ಆ ಪಂಪ್ ಶುರು ಮಾಡಿದರು. ಗ್ಯಾಸು ಸೋರಿ ಸಿಡಿಯಿತು. ಆ ಪ್ಲಾಟ್‌ಫಾರ್ಮ್ ಮೊದಲು ಎಣ್ಣೆಗಾಗಿ ಕಟ್ಟಿದ್ದು. ಆಮೇಲೆ ಗ್ಯಾಸಿನ ಯಂತ್ರಗಳನ್ನು ತಂದು ಕಂಟ್ರೋಲ್ ರೂಮಿನ ಹತ್ತಿರವೇ ಕೂರಿಸಿದ್ದರು. ಗೋಡೆಗಳು ಬೆಂಕಿ ತಡೆಯುವಂಥವು, ಸ್ಫೋಟ ತಡೆಯುವಂಥವಲ್ಲ. ಜನ ಮಲಗುವ ಕಟ್ಟಡ ಅದೇ ಪ್ಲಾಟ್‌ಫಾರ್ಮಿನ ಮೇಲೇ ಇತ್ತು.

ಅಪಾಯ ಬಂದರೆ ಎಲ್‌ಕ್ಯೂಗೆ ಹೋಗಿ ಸೇರಿ, ಹೆಲಿಕಾಪ್ಟರ್ ಬರುತ್ತದೆ. ಇದು ಅವರಿಗೆ ಕಲಿಸಿದ ಪಾಠ. ಜನ ಹಾಗೇ ಮಾಡಿದರು. ಊಟದ ಹಾಲ್‌ನಲ್ಲಿ ಹೋಗಿ ಕಾದರು. ಹೆಲಿಡೆಕ್ ಹೊಗೆಯಲ್ಲಿ ಮುಚ್ಚಿಹೋಗಿತ್ತು, ಹೆಲಿಕಾಪ್ಟರ್ ಇಳಿಯುವ ಹಾಗೇ ಇರಲಿಲ್ಲ. ಹೊಗೆ ಒಳಗೆ ಬಂತು. ಕಾಯುವುದು ಬಿಟ್ಟು ಕೆಳಗೆ ಇಳಿದು ಸಮುದ್ರಕ್ಕೆ ಹಾರಿದವರಲ್ಲಿ ಹಲವರು ಬದುಕಿದರು. ಪ್ಲಾಟ್‌ಫಾರ್ಮಿನಲ್ಲಿದ್ದ 226 ಜನರಲ್ಲಿ ಉಳಿದವರು 61. ಉಳಿಸಲು ಹೋದ ಇಬ್ಬರೂ ಸೇರಿ ಸತ್ತವರು 167. ಆ ವಸತಿ ಕಟ್ಟಡ ಇಡಿಯಾಗಿ ಸಮುದ್ರಕ್ಕೆ ಬಿತ್ತು. ತಿಂಗಳುಗಳ ನಂತರ ಅದನ್ನು ಮೇಲೆತ್ತಿದಾಗ ಒಳಗೆ ತುಂಬಾ ದೇಹಗಳು ಸಿಕ್ಕವು.

ನನಗೆ ಇದನ್ನು ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ. ಊಟದ ಹಾಲ್ ನನ್ನ ಜಾಗ. ಸೈರನ್ ಆದರೆ ನನ್ನ ಹಾಲ್‌ಗೇ ಜನ ಓಡಿ ಬರುತ್ತಾರೆ. ಇಲ್ಲಿ ಬಂದರೆ ಸಾಕು ಅಂತ ಅವರು ನಂಬಿದ್ದಾರೆ.

ಪೈಪರ್ ಆಲ್ಫಾದ ವಿಚಾರಣೆ ಮಾಡಿದ ನ್ಯಾಯಾಧೀಶ ಲಾರ್ಡ್ ಕಲನ್ 1990ರಲ್ಲಿ ವರದಿ ಕೊಟ್ಟರು. 106 ಸಲಹೆಗಳು. ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು ಮುಖ್ಯವಾಗಿ ಒಂದು. ಜನ ಸೇರುವ ಜಾಗ ಇಂತಿಷ್ಟು ಹೊತ್ತು ಬೆಂಕಿ, ಹೊಗೆ, ಗ್ಯಾಸು ಎಲ್ಲವನ್ನೂ ತಡೆದು ನಿಲ್ಲಬೇಕು, ಅಲ್ಲಿಂದ ಲೈಫ್‌ಬೋಟಿಗೆ ದಾರಿ ಇರಬೇಕು. ನಿಲ್ಲುತ್ತದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಲೆಕ್ಕ ಹಾಕಿ ತೋರಿಸಬೇಕು. ನಾನು ಆಗಲೇ ಹೇಳಿದ ಎರಡು ಬಾಗಿಲು, ಒಳಗಿನ ಗಾಳಿಯ ಒತ್ತಡ, ತಾನಾಗಿ ಮುಚ್ಚುವ ಗಾಳಿಬಾಯಿ, ಇವಕ್ಕೆ ಇಷ್ಟು ಬೆಲೆ ಬಂದದ್ದು ಆಮೇಲೆ. ಮರದ ತುಂಡು ಕೊಟ್ಟವನ ಮೇಲೆ ನಾನು ಯಾಕೆ ಸಿಟ್ಟಾದೆ ಅಂತ ಈಗ ಗೊತ್ತಾಯಿತಲ್ಲ.

ಇಷ್ಟು ಹೊತ್ತು ಹೇಳಿದ್ದು ಪ್ಲಾಟ್‌ಫಾರ್ಮಿನ ಹಾಸಿಗೆ. ಆದರೆ ಇಲ್ಲಿ ಕೂತ ಹುಡುಗರಲ್ಲಿ ಹೆಚ್ಚಿನವರಿಗೆ ಮೊದಲು ಸಿಗುವುದು ಆ ಹಾಸಿಗೆ ಅಲ್ಲ. ವೆಲ್ಡರ್, ಫಿಟ್ಟರ್, ಪೇಂಟರ್, ಸ್ಕ್ಯಾಫೋಲ್ಡಿಂಗ್ ಕಟ್ಟುವವರು, ನಮ್ಮ ಹಾಗೆ ಅಡುಗೆಯವರು, ಇವರನ್ನೆಲ್ಲ ಗುತ್ತಿಗೆದಾರರು ಕರೆದುಕೊಂಡು ಹೋಗುತ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ಬಂಕ್ ಸಾಲುವುದಿಲ್ಲ. ಪಕ್ಕದಲ್ಲಿ ಲಂಗರು ಹಾಕಿ ನಿಲ್ಲಿಸಿದ ಬಾರ್ಜಿನಲ್ಲಿ ಮಲಗಿಸುತ್ತಾರೆ. ನಾನೂ ಮೊದಲ ಎರಡು ವರ್ಷ ಅಂಥ ಒಂದು ಬಾರ್ಜಿನಲ್ಲಿದ್ದೆ. ಹೆಸರು ಬೇಡ. ಡೆಕ್ಕಿನ ಕೆಳಗಿನ ಕೋಣೆ, ಎಂಟು ಜನ, ಗೋಡೆಯ ಆಚೆ ಜನರೇಟರ್. ಹಾಸಿಗೆ ಯಾವಾಗಲೂ ಬೆಚ್ಚಗೆ, ಯಾಕೆಂದರೆ ನಾನು ಏಳುವ ಹೊತ್ತಿಗೆ ಇನ್ನೊಬ್ಬ ಅದೇ ಹಾಸಿಗೆಗೆ ಬರುತ್ತಿದ್ದ. ಲೈಫ್‌ಬೋಟ್ ಎಲ್ಲಿ ಅಂತ ಕೇಳಿದರೆ, ನಿನಗೆ ಅದೆಲ್ಲ ಯಾಕೆ, ಅಡುಗೆ ನೋಡ್ಕೋ ಅಂದರು.

ತೇಲುವ ವಸತಿ ಕೆಟ್ಟದ್ದೇ ಅಂತ ನಾನು ಹೇಳುವುದಿಲ್ಲ. ಒಳ್ಳೆಯವೂ ಇವೆ. ಆದರೆ ಲಂಗರಿನ ಮೇಲೆ, ಬೆಸುಗೆಯ ಮೇಲೆ ಅದರ ಜೀವ. 1980ರ ಮಾರ್ಚ್ 27ರಂದು ನಾರ್ವೆ ಕಡೆ ಅಲೆಕ್ಸಾಂಡರ್ ಕೀಲಾಂಡ್ ಅನ್ನುವ ತೇಲುವ ರಿಗ್ ಮಗುಚಿತು. ಅದನ್ನು ಪಕ್ಕದ ಪ್ಲಾಟ್‌ಫಾರ್ಮಿನವರು ಮಲಗುವುದಕ್ಕೆ ಬಳಸುತ್ತಿದ್ದರು. ಸಂಜೆ ಹೊತ್ತು, ತುಂಬಾ ಜನ ಊಟದ ಹಾಲ್‌ನಲ್ಲಿ, ಸಿನಿಮಾ ಹಾಲ್‌ನಲ್ಲಿ ಇದ್ದರು. ಒಂದು ಅಡ್ಡಗಂಬಕ್ಕೆ ಸಣ್ಣ ಉಪಕರಣ ಕೂರಿಸಲು ಹಾಕಿದ್ದ ಬೆಸುಗೆಯಿಂದ ಬಿರುಕು ಶುರುವಾಗಿತ್ತು. ಆ ಕಂಬ ಮುರಿದು, ಒಂದು ಕಾಲೇ ಕಳಚಿಹೋಯಿತು. 212 ಜನರಲ್ಲಿ 123 ಜನ ಸತ್ತರು. ವೆಲ್ಡಿಂಗ್ ಕಲಿಯುವ ಹುಡುಗರೇ, ಆ ಬೆಸುಗೆ ಹಾಕಿದವನಿಗೂ ಅದು ಸಣ್ಣ ಕೆಲಸ ಅಂತಲೇ ಅನ್ನಿಸಿರಬೇಕು.

ನಮ್ಮದೇ ಕಡೆಗೆ ಬಂದರೆ 2021ರ ಮೇ. ತೌಕ್ತೆ ಚಂಡಮಾರುತ ನಿಮಗೆಲ್ಲ ನೆನಪಿದೆ. ಇಲ್ಲೇ ಮೂಲ್ಕಿ ಹತ್ತಿರ ಬಂಡೆಗೆ ಸಿಕ್ಕಿಕೊಂಡ, ಹಡಗು ಎಳೆಯುವ ಟಗ್ ಬೋಟಿನಿಂದ ಒಂಬತ್ತು ಜನರನ್ನು ಕೋಸ್ಟ್ ಗಾರ್ಡ್, ನೌಕಾಪಡೆ ಸೇರಿ ಕಾಪಾಡಿದ್ದನ್ನು ನೀವು ನೋಡಿದ್ದೀರಿ. ಅದೇ ಚಂಡಮಾರುತ ಮೇಲಕ್ಕೆ ಹೋಗಿ ಮುಂಬೈ ಆಚೆ ಪಿ-305 ಅನ್ನುವ ವಸತಿ ಬಾರ್ಜಿಗೆ ಬಡಿಯಿತು. ಅದರಲ್ಲಿ 261 ಜನ. ಲಂಗರು ಕಿತ್ತುಕೊಂಡು ಹೋಯಿತು. ಮೇ 17ರ ಸಂಜೆ ಬಾರ್ಜು ಮುಳುಗಿತು. ಲೈಫ್ ಜಾಕೆಟ್ ಹಾಕಿಕೊಂಡು ನೀರಿಗೆ ಹಾರಿದವರು ಒಬ್ಬರ ಕೈ ಒಬ್ಬರು ಹಿಡಿದು ರಾತ್ರಿಯಿಡೀ ತೇಲಿದರು. ಐಎನ್‌ಎಸ್ ಕೊಚ್ಚಿ, ಐಎನ್‌ಎಸ್ ಕೋಲ್ಕತಾ ಹಡಗಿನವರು ಆ ಅಲೆಯಲ್ಲಿ ಹುಡುಕಿ ಹುಡುಕಿ ಎತ್ತಿಕೊಂಡರು. 186 ಜನ ಬದುಕಿದರು. ಸತ್ತವರು ಎಪ್ಪತ್ತಕ್ಕೂ ಜಾಸ್ತಿ. ನಿಮ್ಮ ಹಾಗೇ ಐಟಿಐ ಮುಗಿಸಿ ಹೋದವರು, ಅಡುಗೆಯವರು, ಹೆಲ್ಪರ್‌ಗಳು. ಸಮುದ್ರದ ತಳಕ್ಕೆ ಕಾಲೂರಿದ ಎಲ್‌ಕ್ಯೂ ಒಳಗಿನ ಹಾಸಿಗೆಗೂ ಅವರ ಹಾಸಿಗೆಗೂ ಎಷ್ಟು ವ್ಯತ್ಯಾಸ ಅಂತ ನೋಡಿ. ಒಂದೇ ಎಣ್ಣೆಗೆ ದುಡಿಯುವ ಜನ. ಈ ವ್ಯತ್ಯಾಸ ಹೋಗಬೇಕು ಅಂತ ನಾನು ಸಿಕ್ಕಿದ ಕಡೆಯಲ್ಲೆಲ್ಲ ಹೇಳುತ್ತೇನೆ.

ಮುಂದೆ ಅಲ್ಲಿ ಜನವೇ ಬೇಡ ಅನ್ನುವ ಕಾಲವೂ ಬರುತ್ತಿದೆ. ನಾರ್ವೆಯವರು 2018ರಲ್ಲಿ ಒಂದು ಪ್ಲಾಟ್‌ಫಾರ್ಮ್ ಶುರು ಮಾಡಿದರು, ಅದರಲ್ಲಿ ಮಲಗುವ ಕೋಣೆ ಇಲ್ಲ, ಹೆಲಿಡೆಕ್ ಇಲ್ಲ, ಶೌಚಾಲಯ ಕೂಡ ಇಲ್ಲ. ದೂರದಿಂದಲೇ ನಡೆಸುತ್ತಾರೆ. ಬಾಂಬೆ ಹೈಯಲ್ಲೂ ಬಾವಿಗಳಿರುವ ಎಷ್ಟೋ ಸಣ್ಣ ಪ್ಲಾಟ್‌ಫಾರ್ಮುಗಳಲ್ಲಿ ರಾತ್ರಿ ಯಾರೂ ಇರುವುದಿಲ್ಲ. ನನ್ನಂಥವರ ಕೆಲಸ ಹೋಗುತ್ತದೆ. ಹೋಗಲಿ. ಬೆಂಕಿಯ ಪಕ್ಕ ಮಲಗುವವರು ಕಡಿಮೆಯಾದರೆ ನನಗೆ ಸಂತೋಷವೇ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಅಮ್ಮ ಒಬ್ಬರು ಎದ್ದು ಕೇಳಿದರು. “ನೀವು ಇಷ್ಟೆಲ್ಲ ಹೇಳಿದಿರಿ. ನನ್ನ ಮಗನಿಗೆ ಕರೆ ಬಂದಿದೆ. ಕಳಿಸಲಾ, ಬೇಡವಾ?”

ಕಳಿಸಬೇಡಿ ಅಂತ ನಾನು ಹೇಳಲಿಲ್ಲ. ಆ ಕೆಲಸದಿಂದಲೇ ನನ್ನ ತಂಗಿಯ ಮದುವೆ ಆಯಿತು, ಮನೆ ಆಯಿತು. ನಾನು ಹೇಳಿದ್ದು ಇಷ್ಟು. ಅಮ್ಮ, ಸಂಬಳ ಎಷ್ಟು ಅಂತ ಕೇಳುವ ಮೊದಲು ಮಲಗುವುದು ಎಲ್ಲಿ ಅಂತ ಕೇಳಲು ಹೇಳಿ. ಪ್ಲಾಟ್‌ಫಾರ್ಮೋ ಬಾರ್ಜೋ? ಬಾರ್ಜಾದರೆ ಚಂಡಮಾರುತದ ಮುನ್ಸೂಚನೆ ಬಂದಾಗ ಅದನ್ನು ದಡಕ್ಕೆ ತರುತ್ತಾರಾ, ಯಾವಾಗ ತರುತ್ತಾರೆ? ಒಂದು ಬಂಕಿಗೆ ಒಬ್ಬನೋ ಇಬ್ಬರೋ? ನೀರಿಗೆ ಬಿದ್ದರೆ ಉಳಿಯುವ ತರಬೇತಿ ಕೊಟ್ಟೇ ಕಳಿಸುತ್ತಾರಾ? ಉತ್ತರ ಕೊಡಲು ತಡವರಿಸಿದರೆ ಆ ಗುತ್ತಿಗೆದಾರನ ಜೊತೆ ಕಳಿಸಬೇಡಿ, ಇನ್ನೊಬ್ಬ ಸಿಗುತ್ತಾನೆ.

ಆ ಹುಡುಗ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಬೇರೆ ಒಂದು ಹೇಳಿದೆ. ಬಂಕ್ ನಂಬರ್ ಸಿಕ್ಕ ದಿನವೇ ಚೀಲ ಅಲ್ಲಿಟ್ಟು, ಬಂಕಿನಿಂದ ಲೈಫ್‌ಬೋಟಿನವರೆಗೆ ಒಮ್ಮೆ ನಡೆ. ಆಮೇಲೆ ಕಣ್ಣು ಮುಚ್ಚಿಕೊಂಡು, ಒಂದು ಕೈ ಗೋಡೆಗೆ ತಾಗಿಸಿಕೊಂಡು ಇನ್ನೊಮ್ಮೆ ನಡೆ. ಹೆಜ್ಜೆ ಎಣಿಸು. ಹೊಗೆ ತುಂಬಿದಾಗ ಕರೆಂಟು ಇರುವುದಿಲ್ಲ. ನನ್ನ ಕೊನೆಯ ಬಂಕಿನದು ನನಗೆ ಇನ್ನೂ ಬಾಯಿಪಾಠ. ಬಾಗಿಲಿನಿಂದ ಎಡಕ್ಕೆ ಹದಿನಾಲ್ಕು ಹೆಜ್ಜೆ, ಬೆಂಕಿ ತಡೆಯುವ ಒಂದು ಬಾಗಿಲು, ಮೆಟ್ಟಿಲು ಹನ್ನೊಂದು, ಮತ್ತೆ ಬಲಕ್ಕೆ ಒಂಬತ್ತು, ಎರಡು ಬಾಗಿಲು, ಆಮೇಲೆ ಮುಖಕ್ಕೆ ಗಾಳಿ.